ಬಿಟ್ಟುಹೋದ ಹೆಸರುಗಳ ಲೆಕ್ಕ

ಬೈಬಲಿನ ಅಪೊಸ್ತಲರ ಕೃತ್ಯಗಳ ಆರನೇ ಅಧ್ಯಾಯ ಶುರುವಾಗುವುದು ಒಂದು ದೂರಿನಿಂದ. ಯೆರೂಸಲೇಮಿನ ಕ್ರೈಸ್ತ ಸಭೆಯಲ್ಲಿ ವಿಧವೆಯರಿಗೆ ದಿನವೂ ಆಹಾರ ಹಂಚುತ್ತಿದ್ದರು. ಇಬ್ರಿಯ ಮಾತಿನವರಿಗೆ ಸರಿಯಾಗಿ ಸಿಗುತ್ತಿತ್ತು, ಗ್ರೀಕ್ ಮಾತಾಡುವ ವಿಧವೆಯರ ಹೆಸರು ಬಿಟ್ಟುಹೋಗುತ್ತಿತ್ತು. ಗೊಣಗಾಟ ಎದ್ದಿತು. ಆ ಹೊತ್ತಿಗೆ ಸಭೆಯಲ್ಲಿ ಸಾವಿರಗಟ್ಟಲೆ ಜನ. ಕೆಲವು ಹೆಂಗಸರ ಊಟದ ಮಾತನ್ನು ‘ಆಮೇಲೆ ನೋಡೋಣ’ ಎಂದು ತಳ್ಳಿಹಾಕುವುದು ಬಹಳ ಸುಲಭವಿತ್ತು. ಅಪೊಸ್ತಲರು ಹಾಗೆ ಮಾಡಲಿಲ್ಲ. ಇಡೀ ಸಭೆಯನ್ನು ಕೂಡಿಸಿ, ಒಳ್ಳೆಯ ಹೆಸರಿರುವ ಏಳು ಜನರನ್ನು ಆರಿಸಿಕೊಳ್ಳಿ ಎಂದರು. ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ: ಆರಿಸಿ ಬಂದ ಏಳೂ ಗ್ರೀಕ್ ಹೆಸರುಗಳು. ದೂರು ಹೇಳಿದವರ ಕೈಗೇ ಸೌಟು ಕೊಟ್ಟಂತಾಯಿತು. ಮರುವಚನದಲ್ಲೇ ದೇವರ ವಾಕ್ಯ ಹಬ್ಬಿತು, ಯಾಜಕರಲ್ಲೂ ಬಹಳ ಮಂದಿ ನಂಬಿದರು ಎಂಬ ಮಾತಿದೆ.

ಸಭೆಯ ಪ್ರಭಾವ ಎಲ್ಲಿಂದ ಹುಟ್ಟುತ್ತದೆ ಎಂದು ಯಾರಾದರೂ ಕೇಳಿದರೆ ಮೊದಲು ಈ ಏಳು ವಚನಗಳನ್ನು ಓದಿಸಬೇಕು. ಹಂಚಿಕೆಯ ಪಟ್ಟಿ ತಿದ್ದಿದ್ದು, ಸುವಾರ್ತೆ ಹಬ್ಬಿದ್ದು, ಎರಡೂ ಒಂದೇ ಉಸಿರಿನಲ್ಲಿ ಬಂದಿವೆ. ಹೊರಗಿನವರು ಸಭೆಯನ್ನು ಅಳೆಯುವುದು ವೇದಿಕೆ ನೋಡಿ ಅಲ್ಲ. ಅವರ ಕಣ್ಣು ಹೋಗುವುದು ಪಟ್ಟಿಯ ಕೊನೆಯಲ್ಲಿರುವವರ ಕಡೆಗೆ.

ಜನಸಂಖ್ಯೆಯನ್ನು ಕೀಳಾಗಿ ಕಾಣಬೇಕಿಲ್ಲ. ಪಂಚಾಶತ್ತಮ ದಿನದಲ್ಲಿ ಸುಮಾರು 3000 ಜನ ಸೇರಿದರೆಂದು ಅದೇ ಕೃತ್ಯಗಳ ಪುಸ್ತಕದಲ್ಲಿ ಲೂಕನು ಸಂತೋಷದಿಂದಲೇ ಬರೆದಿದ್ದಾನೆ. ಆದರೆ ಯೋಹಾನನ ಸುವಾರ್ತೆಯ ಆರನೇ ಅಧ್ಯಾಯವೂ ಇದೆ. ರೊಟ್ಟಿ ತಿಂದ ಗಂಡಸರೇ 5000. ಮರುದಿನ ಮಾತು ಕಠಿಣವಾದಾಗ ಅನೇಕರು ಹಿಂದಿರುಗಿದರು. ಅವರನ್ನು ಹಿಡಿದಿಡಲು ಯೇಸು ಮಾತನ್ನು ಸಡಿಲಿಸಲಿಲ್ಲ. ಜನ ಸೇರುವುದಕ್ಕೆ ಕಾರಣಗಳು ಹಲವು. ಒಳ್ಳೆಯ ಹಾಡು, ಒಳ್ಳೆಯ ಮಾತುಗಾರ, ಮಕ್ಕಳಿಗೆ ಚೆನ್ನಾದ ಕಾರ್ಯಕ್ರಮ ಇದ್ದರೆ ಸಾಕು. ಅವರು ಸೋಮವಾರ ಕೆಲಸಕ್ಕೆ ಹೋದಾಗ ತೂಕ ಸರಿಯಾಗಿ ಹಾಕುತ್ತಾರೆಯೇ, ಮನೆಯಲ್ಲಿ ದನಿ ಏರಿಸದೆ ಮಾತಾಡುತ್ತಾರೆಯೇ, ಜಗಳವಾಡಿದ ಅಣ್ಣನ ಮನೆಗೆ ತಾವಾಗಿ ಹೋಗುತ್ತಾರೆಯೇ ಎಂಬುದು ಎಣಿಕೆ ಪುಸ್ತಕದಲ್ಲಿ ಬರುವುದಿಲ್ಲ. ಪ್ರಭಾವ ಇರುವುದು ಅಲ್ಲಿಯೇ.

ಕೆಲಸದ ಮಾತಿಗೆ ಬರೋಣ. ಬಹುತೇಕ ಸಭೆಗಳಲ್ಲಿ ಬಂದವರ ಲೆಕ್ಕ ಇರುತ್ತದೆ, ಬಾರದವರ ಲೆಕ್ಕ ಇರುವುದಿಲ್ಲ. ಅದಕ್ಕೆ ಇನ್ನೊಂದು ಪುಸ್ತಕ ಬೇಕು, ಸಾಧಾರಣ ಗೆರೆಪುಸ್ತಕವೇ ಸಾಕು. ಸಭೆಯ ಮನೆಗಳನ್ನು ಹತ್ತು ಹನ್ನೆರಡರಂತೆ ಹಂಚಿ, ಒಂದೊಂದು ಗುಂಪಿಗೆ ಒಬ್ಬ ಹಿರಿಯರನ್ನೋ ಒಂದು ದಂಪತಿಯನ್ನೋ ಹೊಣೆ ಮಾಡಬೇಕು. ಹನ್ನೆರಡು ದಾಟಿದರೆ ಒಬ್ಬರ ಕೈಯಲ್ಲಿ ಸಾಗುವುದಿಲ್ಲ. ಹೆಸರು ನೆನಪಿದ್ದರೂ ಮಗನ ಪರೀಕ್ಷೆ, ತಾಯಿಯ ಕಣ್ಣಿನ ಶಸ್ತ್ರಚಿಕಿತ್ಸೆ ನೆನಪಿರುವುದಿಲ್ಲ. ಒಂದೊಂದು ಮನೆಗೆ ಒಂದೊಂದು ಪುಟ. ಮನೆಮಂದಿಯ ಹೆಸರು, ಕೆಲಸ, ಪ್ರಾರ್ಥನೆಗೆ ಕೇಳಿದ ವಿಷಯ, ಕೊನೆಯ ಭೇಟಿಯ ದಿನಾಂಕ. ಗುಟ್ಟಿನ ವಿಷಯ ಮಾತ್ರ ಇಲ್ಲಿ ಬರೆಯಬಾರದು. ಪುಸ್ತಕ ಯಾರ ಕೈಗಾದರೂ ಸಿಕ್ಕೀತು.

ಎರಡು ಭಾನುವಾರ ಸಾಲಾಗಿ ಒಂದು ಮನೆ ಕಾಣದಿದ್ದರೆ ಆ ವಾರದೊಳಗೆ ಫೋನ್ ಮಾಡಬೇಕು. ಮೊದಲ ಮಾತು ‘ಯಾಕೆ ಬರಲಿಲ್ಲ?’ ಎಂದಾದರೆ ಕೆಲಸ ಕೆಟ್ಟಿತು. ಹಾಜರಿ ಕೇಳಿದ ಹಾಗಾಗಿ ಆ ಕಡೆಯವರು ಒಂದು ನೆಪ ಹೇಳಿ ಇಟ್ಟುಬಿಡುತ್ತಾರೆ. ‘ಮನೆಯಲ್ಲಿ ಎಲ್ಲರೂ ಹೇಗಿದ್ದೀರಿ?’ ಎಂದು ಕೇಳಿ ಸುಮ್ಮನಿರಬೇಕು. ಎರಡನೇ ನಿಮಿಷದಲ್ಲಿ ನಿಜವಾದ ವಿಷಯ ತಾನಾಗಿ ಬರುತ್ತದೆ.

ಸಾವಿನ ಮನೆಯಲ್ಲಿ ಈ ಪುಸ್ತಕದ ಬೆಲೆ ಗೊತ್ತಾಗುತ್ತದೆ. ಮೊದಲ ವಾರ ಮನೆ ತುಂಬ ಜನ. ಅಡಿಗೆ ಬರುತ್ತದೆ, ಪ್ರಾರ್ಥನೆ ನಡೆಯುತ್ತದೆ, ಸಭಾಪಾಲಕರು ದಿನವೂ ಬರುತ್ತಾರೆ. ಮೂರನೇ ವಾರದಿಂದ ಮನೆ ಖಾಲಿ. ತೀರಿಕೊಂಡವರ ಹೆಸರಿನಲ್ಲಿದ್ದ ಕಾಗದಪತ್ರ ಹಿಡಿದು ಅಲೆದಾಟ ಶುರುವಾಗುವುದು ಆಗಲೇ, ನಿದ್ರೆ ಹಾರುವುದೂ ಆಗಲೇ. ಆದ್ದರಿಂದ ಸಮಾಧಿಯ ದಿನವೇ ಪುಸ್ತಕದಲ್ಲಿ ಮುಂದಿನ ನಾಲ್ಕು ದಿನಾಂಕಗಳನ್ನು ಬರೆದಿಡಬೇಕು: ಒಂದು ತಿಂಗಳು, ಮೂರು ತಿಂಗಳು, ಆರು ತಿಂಗಳು, ಒಂದು ವರ್ಷ. ಆ ದಿನಗಳಲ್ಲಿ ಇಬ್ಬರು ಹೋಗಿ ಅರ್ಧ ಗಂಟೆ ಕೂತು ಬರಬೇಕು. ಪ್ರಸಂಗ ಬೇಡ. ತೀರಿಕೊಂಡವರ ಹೆಸರನ್ನು ಬಾಯಿಬಿಟ್ಟು ಹೇಳಬೇಕು. ಎಲ್ಲರೂ ಆ ಹೆಸರನ್ನು ತಪ್ಪಿಸಿ ಮಾತಾಡುವುದು ಆ ಮನೆಯವರಿಗೆ ಇನ್ನೂ ನೋವು. ವರ್ಷದ ದಿನ ಸಭೆಯಿಂದ ಇಬ್ಬರು ಬಂದು ಬಾಗಿಲು ತಟ್ಟಿದ್ದನ್ನು ಪಕ್ಕದ ಮನೆಯವರೂ ನೋಡುತ್ತಾರೆ, ಮರೆಯುವುದಿಲ್ಲ.

ಇಂಥ ಹಂಚಿಕೆ ಹೊಸದೇನಲ್ಲ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ, ಮೆಥಡಿಸ್ಟ್ ಚಳವಳಿಯ ಬೋಧಕ ಜಾನ್ ವೆಸ್ಲಿಯ ಜೊತೆಯವರು ಕೂಟದ ಮನೆಯ ಸಾಲ ತೀರಿಸಲು ಯೋಚಿಸುತ್ತಿದ್ದಾಗ, ಸುಮಾರು ಹನ್ನೆರಡು ಜನಕ್ಕೊಬ್ಬರಂತೆ ನೇಮಿಸಿ, ತಲೆಗೆ ವಾರಕ್ಕೊಂದು ಪೆನ್ನಿ ಸಂಗ್ರಹಿಸುವುದೆಂದು ತೀರ್ಮಾನವಾಯಿತು. ದುಡ್ಡಿಗೆಂದು ಮನೆಮನೆಗೆ ಹೋದವರಿಗೆ ಜನ ಹೇಗೆ ಬದುಕುತ್ತಿದ್ದಾರೆಂಬುದು ಕಣ್ಣಿಗೆ ಬಿತ್ತು. ಯಾರು ಕುಡಿತಕ್ಕೆ ಮರಳಿದ್ದಾರೆ, ಯಾರು ಕಾಯಿಲೆ ಬಿದ್ದಿದ್ದಾರೆ ಎಂದು ತಿಳಿಯಿತು. ಸಾಲದ ವ್ಯವಸ್ಥೆ ಆತ್ಮಪಾಲನೆಯ ವ್ಯವಸ್ಥೆಯಾಯಿತು. ವೆಸ್ಲಿಯ ಚಳವಳಿ ಬಾಳಿದ್ದರಲ್ಲಿ ಅವನ ಬಯಲು ಪ್ರಸಂಗಗಳಿಗಿಂತ ಈ ಸಣ್ಣ ಗುಂಪುಗಳ ಪಾಲೇ ದೊಡ್ಡದು.

ಸಾಮಾನ್ಯವಾಗಿ ಇದು ಕೆಡುವುದು ಎಲ್ಲವೂ ಸಭಾಪಾಲಕರ ತಲೆಯ ಮೇಲೆ ಬಿದ್ದಾಗ. ಅವರೊಬ್ಬರೇ ಬರಬೇಕು, ಅವರು ಬಂದರೇ ಭೇಟಿ ಎಂಬ ಭಾವನೆ ಬೆಳೆದ ಸಭೆಯಲ್ಲಿ ಐವತ್ತನೇ ಮನೆಯ ಹೊತ್ತಿಗೆ ಹೆಸರುಗಳು ಜಾರತೊಡಗುತ್ತವೆ. ಜಾರುವವರು ಯಾವಾಗಲೂ ಒಂದೇ ಬಗೆಯವರು: ಒಂಟಿಯಾಗಿರುವವರು, ಬೇರೆ ಭಾಷೆಯವರು, ಕಾಣಿಕೆ ಹಾಕಲು ಕೈಯಲ್ಲಿ ಏನೂ ಇಲ್ಲದವರು.

ಆರಾಧನೆಯ ಸಂಗೀತದ ಬಗ್ಗೆ ಚಿಕ್ಕದಾಗಿ ಹೇಳಿದರೆ ಸಾಕು. ವಾದ್ಯ, ದೀಪ, ಪರದೆ ಯಾವುದೂ ಪಾಪವಲ್ಲ. ಪರೀಕ್ಷೆ ಒಂದೇ: ಪಕ್ಕದಲ್ಲಿ ನಿಂತವರ ದನಿ ನಿಮಗೆ ಕೇಳಿಸುತ್ತದೆಯೇ? ಕೇಳಿಸದಿದ್ದರೆ ಅಲ್ಲಿ ನಡೆಯುತ್ತಿರುವುದು ಸಂಗೀತ ಕಛೇರಿ, ಸಭೆ ಹಾಡುತ್ತಿಲ್ಲ. ಒಂದು ಚರಣಕ್ಕೆ ವಾದ್ಯಗಳನ್ನೆಲ್ಲ ನಿಲ್ಲಿಸಿ ನೋಡಿ. ದನಿ ಉಡುಗಿಹೋದರೆ ಶ್ರುತಿ ಇಳಿಸಬೇಕು. ವೇದಿಕೆಯ ಗಾಯಕರಿಗೆ ಹೊಂದುವ ಶ್ರುತಿ ಸಾಮಾನ್ಯರ ಗಂಟಲಿಗೆ ಹೆಚ್ಚಾಗುತ್ತದೆ, ಆಗ ಗಂಡಸರು ಮೊದಲು ಬಾಯಿ ಮುಚ್ಚುತ್ತಾರೆ. ಒಂದು ಭಾನುವಾರಕ್ಕೆ ಒಂದೇ ಹೊಸ ಹಾಡು, ಅದೂ ಮೂರು ವಾರ ಸಾಲಾಗಿ. ಆಸ್ಪತ್ರೆಯ ಹಾಸಿಗೆಯಲ್ಲಿ ನೆನಪಿಗೆ ಬರುವುದು ಬಾಯಿಪಾಠವಾದ ಹಾಡೇ.

ಬೋಧನೆಯ ವಿಷಯದಲ್ಲಿ ಪೌಲನು ತಿಮೊಥೆಯನಿಗೆ ಬರೆದ ಎರಡನೇ ಪತ್ರದ 2:2ನ್ನು ಅಳತೆಗೋಲಾಗಿ ಹಿಡಿಯಬೇಕು. ಆ ಒಂದು ವಚನದಲ್ಲಿ ನಾಲ್ಕು ತಲೆಮಾರು ಇದೆ: ಪೌಲ, ತಿಮೊಥೆಯ, ನಂಬಿಗಸ್ತರು, ಅವರಿಂದ ಕಲಿಯುವ ಇತರರು. ಕೇಳಿಸಿಕೊಂಡವರು ಇನ್ನೊಬ್ಬರಿಗೆ ಹೇಳಿಕೊಡುವಷ್ಟು ಬಲಿತರೇ? ಭಾನುವಾರದ ವಾಕ್ಯಭಾಗದ ಮೇಲೆ ಐದು ಪ್ರಶ್ನೆ ಬರೆದು ವಾರದ ನಡುವೆ ಮನೆಕೂಟಗಳಿಗೆ ಕೊಡಬೇಕು. ಐದರಲ್ಲಿ ಎರಡು ‘ಈ ಭಾಗ ಏನು ಹೇಳುತ್ತದೆ’ ಎಂಬುದರ ಮೇಲೆ, ಎರಡು ‘ಏಕೆ’ ಎಂಬುದರ ಮೇಲೆ, ಕೊನೆಯದು ‘ನಾಳೆ ನಾನು ಏನು ಮಾಡಬೇಕು’ ಎಂಬುದರ ಮೇಲೆ. ಕೂಟ ನಡೆಸುವವರನ್ನು ತಯಾರು ಮಾಡುವಾಗ ಮೊದಲ ತಿಂಗಳು ಜೊತೆಗೆ ಕೂತು ನೋಡಲಿ, ಎರಡನೆಯದರಲ್ಲಿ ಒಂದೆರಡು ಪ್ರಶ್ನೆ ಕೇಳಲಿ, ಮೂರನೆಯದರಲ್ಲಿ ಅನುಭವಿಗಳ ಎದುರಿಗೆ ತಾವೇ ನಡೆಸಲಿ. ಆಮೇಲೆ ಬಿಟ್ಟುಬಿಡಬೇಕು. ತಪ್ಪುತ್ತಾರೆ, ತಪ್ಪಲಿ. ತಪ್ಪಿಗೆ ಹೆದರಿ ಮೈಕು ಬಿಡದ ಬೋಧಕರ ನಂತರ ಸಭೆಯಲ್ಲಿ ಮಾತಾಡುವವರೇ ಇರುವುದಿಲ್ಲ.

ಇನ್ನು ದುಡ್ಡು. ಕೊರಿಂಥದವರಿಗೆ ಬರೆದ ಎರಡನೇ ಪತ್ರದ ಎಂಟನೇ ಅಧ್ಯಾಯದಲ್ಲಿ ಪೌಲನು ಯೆರೂಸಲೇಮಿನ ಬಡವರಿಗೆ ಕೂಡಿಸಿದ ಹಣ ಒಯ್ಯುವಾಗ ಮಾಡಿದ ಏರ್ಪಾಡನ್ನು ನೋಡಿ. ತನ್ನ ಜೊತೆಗಾರ ತೀತನ ಜೊತೆಗೆ ಸಭೆಗಳೇ ಆರಿಸಿದ ಒಬ್ಬ ಸಹೋದರ, ಅವನ ಜೊತೆ ಇನ್ನೊಬ್ಬ. ದೇವರ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ನಿಂದೆಗೆ ಎಡೆಯಿರಬಾರದೆಂದು ಬಿಡಿಸಿ ಹೇಳುತ್ತಾನೆ. ಅಪೊಸ್ತಲನಿಗೇ ಇಷ್ಟು ಎಚ್ಚರ ಬೇಕಿದ್ದರೆ ಇಂದಿನವರಿಗೆ ಎಷ್ಟು ಬೇಕು! ಕಾಣಿಕೆಯನ್ನು ಅದೇ ದಿನ, ಅದೇ ಸ್ಥಳದಲ್ಲಿ, ಒಂದೇ ಮನೆಯವರಲ್ಲದ ಇಬ್ಬರು ಎಣಿಸಬೇಕು. ಮೊತ್ತ ಬರೆದು ಇಬ್ಬರೂ ಸಹಿ ಹಾಕಬೇಕು. ಬ್ಯಾಂಕು ತೆರೆದ ಮೊದಲ ದಿನವೇ ಕಟ್ಟಬೇಕು. ನಡುವೆ ಆ ಹಣದಿಂದ ಖರ್ಚು ಮಾಡಕೂಡದು. ಚೆಕ್ಕಿಗೆ ಎರಡು ಸಹಿ. ಸಭಾಪಾಲಕರ ಸಂಬಂಧಿಕರು ಖಜಾಂಚಿ ಆಗಬಾರದು, ಅವರು ಎಷ್ಟೇ ಪ್ರಾಮಾಣಿಕರಿರಲಿ. ಮೂರು ತಿಂಗಳಿಗೊಮ್ಮೆ ಲೆಕ್ಕವನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು, ವರ್ಷಕ್ಕೊಮ್ಮೆ ಹೊರಗಿನ ಲೆಕ್ಕಪರಿಶೋಧಕರಿಂದ ನೋಡಿಸಬೇಕು.

ಆ ಲೆಕ್ಕವನ್ನು ಕಟ್ಟಡ ಮತ್ತು ಸಲಕರಣೆ, ಸಂಬಳ, ಗೋಡೆಯ ಆಚೆಗೆ ಹೋದದ್ದು ಎಂದು ಮೂರೇ ಬಾಬ್ತಿನಲ್ಲಿ ಒಮ್ಮೆ ಬರೆದು ನೋಡಿ. ಮೂರನೆಯದು ಹತ್ತರಲ್ಲೊಂದು ಭಾಗವೂ ಇಲ್ಲದಿದ್ದರೆ ಅಲ್ಲಿಂದಲೇ ಕೆಲಸ ಶುರು. ಒಂದೇ ವರ್ಷದಲ್ಲಿ ಎಲ್ಲ ಬದಲಿಸಲು ಹೋಗದೆ ವರ್ಷಕ್ಕೆ ಶೇ. 1 ಅಥವಾ 2ರಂತೆ ಏರಿಸಬೇಕು. ಸುಮಾರು ಕ್ರಿ.ಶ. 155ರಲ್ಲಿ ಕ್ರೈಸ್ತ ಲೇಖಕ ಜಸ್ಟಿನ್ ಮಾರ್ಟಿರ್ ಭಾನುವಾರದ ಆರಾಧನೆಯನ್ನು ವಿವರಿಸುವಾಗಲೇ, ಆ ದಿನ ಕೂಡಿದ ಕಾಣಿಕೆ ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿರುವವರಿಗೆ, ಪರಸ್ಥಳದಿಂದ ಬಂದವರಿಗೆ ಹೋಗುತ್ತಿತ್ತೆಂದು ಬರೆದಿದ್ದಾನೆ. 251ರ ಹೊತ್ತಿಗೆ ರೋಮಿನ ಸಭೆ 1500ಕ್ಕೂ ಹೆಚ್ಚು ವಿಧವೆಯರನ್ನೂ ಕಷ್ಟದಲ್ಲಿದ್ದವರನ್ನೂ ಸಾಕುತ್ತಿತ್ತೆಂದು ಅಲ್ಲಿನ ಬಿಷಪ್ ಕೊರ್ನೇಲಿಯನ ಪತ್ರ ಹೇಳುತ್ತದೆ. ಆ ಸಭೆಯ ಹಿಂದೆ ಯಾವ ರಾಜಾಶ್ರಯವೂ ಇರಲಿಲ್ಲ. ಕ್ರೈಸ್ತರ ಮೇಲಿನ ಹಿಂಸೆ ಆಗತಾನೇ ತುಸು ತಗ್ಗಿತ್ತು.

362ರಲ್ಲಿ ರೋಮಿನ ಚಕ್ರವರ್ತಿ ಜೂಲಿಯನ್ ಹಳೆಯ ದೇವತಾರಾಧನೆಯನ್ನು ಮತ್ತೆ ಎತ್ತಿ ನಿಲ್ಲಿಸಲು ಹೊರಟಾಗ ಅವನನ್ನು ಚುಚ್ಚಿದ್ದು ಇದೇ. ಈ ಗಲಿಲಾಯದವರು (ಕ್ರೈಸ್ತರನ್ನು ಅವನು ಕರೆಯುತ್ತಿದ್ದುದು ಹಾಗೆ) ತಮ್ಮ ಬಡವರನ್ನಲ್ಲದೆ ನಮ್ಮವರನ್ನೂ ಸಾಕುತ್ತಿದ್ದಾರೆಂದು ಒಬ್ಬ ಪೂಜಾರಿಗೆ ಬರೆದ ಪತ್ರದಲ್ಲಿ ನೊಂದುಕೊಂಡ. ವಿರೋಧಿಯ ಬಾಯಿಂದ ಬಂದ ಸಾಕ್ಷಿಯಾದ್ದರಿಂದ ಇದರ ತೂಕ ಹೆಚ್ಚು.

ಹಾಗೆಂದು ಸಹಾಯ ಮಾಡುವ ಎಲ್ಲ ಸಭೆಗಳಿಗೂ ಪ್ರಭಾವ ಇರುತ್ತದೆಯೇ? ಇಲ್ಲ. ಬ್ಯಾನರ್ ಕಟ್ಟಿ, ಪೊಟ್ಟಣ ಹಂಚಿ, ಕೊಟ್ಟವರು ತೆಗೆದುಕೊಂಡವರು ಇಬ್ಬರನ್ನೂ ನಿಲ್ಲಿಸಿ ಫೋಟೊ ತೆಗೆದ ದಿನವೇ ಆ ಸಹಾಯ ಮುಗಿಯುತ್ತದೆ. ಪಡೆದವರ ಮನಸ್ಸಿನಲ್ಲಿ ಉಳಿಯುವುದು ಫೋಟೊದ ನಾಚಿಕೆ. ನಲವತ್ತು ಜನರ ಸಭೆಯಾದರೆ ಹತ್ತು ಕೆಲಸ ಹಚ್ಚಿಕೊಳ್ಳಬೇಡಿ, ಒಂದನ್ನು ಹಿಡಿಯಿರಿ. ಸುತ್ತಲಿನ ಶಾಲೆಯ ಶಿಕ್ಷಕರನ್ನು, ದಾದಿಯರನ್ನು, ಪೊಲೀಸರನ್ನು ಕಂಡು ‘ಇಲ್ಲಿ ಯಾರೂ ತಿರುಗಿ ನೋಡದ ಕಷ್ಟ ಯಾವುದು?’ ಎಂದು ಕೇಳಿ. ಉತ್ತರಗಳಲ್ಲಿ ಎರಡು ಮೂರು ಕಡೆ ಒಂದೇ ಮಾತು ಬಂದರೆ ಅದೇ ನಿಮ್ಮ ಕೆಲಸ. ಮೂರು ವರ್ಷಕ್ಕಿಂತ ಕಡಿಮೆ ಅವಧಿಗೆ ಒಪ್ಪಿಕೊಳ್ಳಬೇಡಿ. ಮೊದಲ ವರ್ಷ ಜನ ನಿಮ್ಮನ್ನು ನಂಬುವುದೇ ಇಲ್ಲ. ಸಹಾಯಕ್ಕೆ ಪ್ರತಿಯಾಗಿ ಆರಾಧನೆಗೆ ಬನ್ನಿ ಎಂಬ ಷರತ್ತನ್ನು ಎಂದೂ ಹಾಕಬೇಡಿ. ಯಾರಾದರೂ ತಾವಾಗಿ ‘ಇದನ್ನೆಲ್ಲ ಯಾಕೆ ಮಾಡುತ್ತೀರಿ?’ ಎಂದು ಕೇಳಿದರೆ ಆಗ ನಿಮ್ಮ ನಿರೀಕ್ಷೆಯ ಕಾರಣವನ್ನು ಸಾತ್ವಿಕವಾಗಿ ಹೇಳಿ. ಪೇತ್ರನು ಹೇಳಿಕೊಟ್ಟ ಕ್ರಮವೂ ಅದೇ.

ಇಷ್ಟೆಲ್ಲ ಕಟ್ಟಿದ ಹೆಸರನ್ನು ಒಂದೇ ವಾರದಲ್ಲಿ ಹಾಳುಮಾಡುವುದು ಮುಚ್ಚಿಟ್ಟ ತಪ್ಪು. ಮಕ್ಕಳ ತರಗತಿಯಲ್ಲಿ ಯಾವಾಗಲೂ ಸಂಬಂಧಿಕರಲ್ಲದ ಇಬ್ಬರು ದೊಡ್ಡವರು ಇರಬೇಕು, ಬಾಗಿಲು ತೆರೆದಿರಬೇಕು ಅಥವಾ ಬಾಗಿಲಿಗೆ ಗಾಜು ಇರಬೇಕು. ಮಗುವಿನ ಮೇಲೆ ದೌರ್ಜನ್ಯದ ದೂರು ಬಂದರೆ ಅದೇ ದಿನ ಪೊಲೀಸರಿಗೆ ತಿಳಿಸಬೇಕು. ಹಿರಿಯರ ಸಮಿತಿ ಮೊದಲು ವಿಚಾರಣೆ ಮಾಡಿ ಆಮೇಲೆ ನೋಡುತ್ತೇವೆ ಎಂಬುದು ದೊಡ್ಡ ತಪ್ಪು: ಅವರಿಗೆ ತನಿಖೆ ಗೊತ್ತಿಲ್ಲ, ಸಾಕ್ಷ್ಯ ಕೆಡುತ್ತದೆ, ಮಗು ಎರಡನೇ ಸಲ ನೋಯುತ್ತದೆ. ‘ಕ್ಷಮಿಸಿಬಿಡಿ, ಸಭೆಯ ಹೆಸರು ಕೆಡುತ್ತದೆ’ ಎಂದು ನೊಂದ ಮನೆಯವರಿಗೆ ಹೇಳುವವರು ಸುವಾರ್ತೆಯ ವಿರುದ್ಧವೇ ಕೆಲಸ ಮಾಡುತ್ತಿದ್ದಾರೆ. ಹಾಗೆ ಉಳಿಸಿಕೊಂಡ ಹೆಸರಿನಿಂದ ಯಾರಿಗೂ ಉಪಯೋಗವಿಲ್ಲ.

ಕೊನೆಯದಾಗಿ, ಒಳ್ಳೆಯವರನ್ನು ಬಿಟ್ಟುಕೊಡುವುದು. ಅಂತಿಯೋಕ್ಯದ ಸಭೆಯನ್ನು ಆರಂಭಿಸಿದವರ ಹೆಸರೇ ನಮಗೆ ಸಿಗುವುದಿಲ್ಲ, ಕುಪ್ರದವರು ಮತ್ತು ಕುರೇನ್ಯದವರು ಎಂದಷ್ಟೇ ಇದೆ. ಶಿಷ್ಯರಿಗೆ ಕ್ರೈಸ್ತರೆಂಬ ಹೆಸರು ಮೊದಲು ಬಂದದ್ದು ಅಲ್ಲಿ. ಬರಗಾಲದ ಸುದ್ದಿ ಕೇಳಿ ಯೂದಾಯಕ್ಕೆ ಹಣ ಕಳಿಸಿದ್ದೂ ಆ ಸಭೆಯೇ. ಅಪೊಸ್ತಲರ ಕೃತ್ಯಗಳ ಹದಿಮೂರನೇ ಅಧ್ಯಾಯದಲ್ಲಿ ಅಲ್ಲಿನ ಪ್ರವಾದಿಗಳೂ ಬೋಧಕರೂ ಆದ ಐವರ ಹೆಸರಿದೆ: ಬಾರ್ನಬ, ನೀಗರನೆಂಬ ಸಿಮೆಯೋನ, ಕುರೇನ್ಯದ ಲೂಕ್ಯ, ಮೆನಹೇನ, ಸೌಲ (ಮುಂದೆ ಪೌಲನೆಂದು ಹೆಸರಾದವನು). ಉಪವಾಸವಿದ್ದು ಪ್ರಾರ್ಥಿಸಿ, ಐವರಲ್ಲಿ ಬಾರ್ನಬನನ್ನೂ ಸೌಲನನ್ನೂ ಕಳಿಸಿಕೊಟ್ಟರು. ಆ ಸಭೆಗೆ ಒಂದು ವರ್ಷವಿಡೀ ಉಪದೇಶ ಮಾಡಿದ್ದವರು ಇವರಿಬ್ಬರೇ. 1732ರಲ್ಲಿ ಜರ್ಮನಿಯ ಹೆರ್ನ್‌ಹುಟ್ ಎಂಬ ಸಣ್ಣ ಹಳ್ಳಿಯ ಮೊರಾವಿಯನ್ ಸಭೆ, ತನ್ನದೇ ನೆಲೆ ಇನ್ನೂ ಗಟ್ಟಿಯಾಗದಿದ್ದಾಗ, ಇಬ್ಬರನ್ನು ವೆಸ್ಟ್ ಇಂಡೀಸಿನ ಗುಲಾಮರ ನಡುವೆ ಸೇವೆಗೆ ಕಳಿಸಿತು.

ಕಳಿಸುವಾಗ ಮನಸ್ಸು ಎಳೆಯುತ್ತದೆ. ಹಾಡುವವರು ಹೋಗುತ್ತಾರೆ, ಕೊಡುವವರು ಹೋಗುತ್ತಾರೆ, ಮುಂದಿನ ಸಾಲು ಖಾಲಿಯಾಗುತ್ತದೆ. ಹೊಸ ಸಭೆಗೆ ಇಪ್ಪತ್ತು ಜನರನ್ನು ಬಿಟ್ಟುಕೊಡುವುದಾದರೆ ಆರು ತಿಂಗಳು ಮೊದಲೇ ಅವರ ಜವಾಬ್ದಾರಿಗಳಿಗೆ ಬೇರೆಯವರನ್ನು ಜೊತೆಗೆ ನಿಲ್ಲಿಸಿ ಕಲಿಸಬೇಕು. ಹೋದವರಿಗೆ ಕನಿಷ್ಠ ಒಂದು ವರ್ಷ ಹಣಸಹಾಯದ ಮಾತು ಕೊಟ್ಟು ಬರೆದುಕೊಡಬೇಕು. ಹೋದ ಮೇಲೆ ಅವರ ಪುಟಗಳನ್ನು ಆ ಗೆರೆಪುಸ್ತಕದಿಂದ ಹರಿಯಬೇಡಿ. ಮೇಲೆ ಹೊಸ ವಿಳಾಸ ಬರೆದು, ತಿಂಗಳಿಗೊಮ್ಮೆ ಫೋನ್ ಮಾಡುವ ಹೊಣೆ ಯಾರದೆಂದು ಅದರ ಕೆಳಗೆ ಒಂದು ಹೆಸರು ಬರೆಯಿರಿ.