ಸರ್ಕಾರಿ ಕಾರ್ಖಾನೆಗಳಿಗಾಗಿ ಹುಟ್ಟಿದ ಐಐಎಂ ಬೆಂಗಳೂರು

ಮ್ಯಾನೇಜ್‌ಮೆಂಟ್ ಕಲಿಸುವ ಐಐಎಂ ಬೆಂಗಳೂರು ಅಂದರೆ ಈಗ ಕ್ಯಾಟ್ ಪ್ರವೇಶ ಪರೀಕ್ಷೆ, ಪ್ಲೇಸ್‌ಮೆಂಟ್, ದೊಡ್ಡ ಸಂಬಳದ ಮಾತೇ ಜಾಸ್ತಿ. ಅದು ಹುಟ್ಟಿದ್ದು ಇದಕ್ಕಲ್ಲ. 1973ರ ಅಕ್ಟೋಬರ್ 28ರಂದು ಇಂದಿರಾ ಗಾಂಧಿ ಅದನ್ನು ಉದ್ಘಾಟಿಸಿದಾಗ, ಸರ್ಕಾರಿ ಉದ್ದಿಮೆಗಳನ್ನು ಚೆನ್ನಾಗಿ ನಡೆಸುವವರನ್ನು ತಯಾರು ಮಾಡಬೇಕು ಅನ್ನುವುದೇ ಉದ್ದೇಶವಾಗಿತ್ತು.

ಬಿಸಿನೆಸ್ ಸ್ಕೂಲ್ ನಮಗೆ ಹೊರಗಿನಿಂದ ಬಂದದ್ದು. ಅಮೆರಿಕದಲ್ಲಿ ವಾರ್ಟನ್ 1881ರಲ್ಲಿ ಶುರುವಾಯಿತು, ಹಾರ್ವರ್ಡ್‌ನದು 1908ರಲ್ಲಿ. ಹಾರ್ವರ್ಡ್ 'ಕೇಸ್' ಪಾಠವನ್ನು ಬೆಳೆಸಿತು. ಒಂದು ಕಂಪನಿ ಕಷ್ಟಕ್ಕೆ ಸಿಕ್ಕಿಕೊಂಡ ಕತೆ, ಅದರ ಲೆಕ್ಕಪತ್ರ ಎಲ್ಲ ಕೈಗೆ ಕೊಡುತ್ತಾರೆ, ಉತ್ತರ ಮಾತ್ರ ಇರುವುದಿಲ್ಲ. ರಾತ್ರಿ ಕೂತು ಓದಿಕೊಂಡು ಹೋಗಬೇಕು. ಬೆಳಿಗ್ಗೆ ಮೇಷ್ಟ್ರು ಯಾರನ್ನಾದರೂ ಎಬ್ಬಿಸಿ, ನೀನೇ ಮ್ಯಾನೇಜರ್ ಆಗಿದ್ದರೆ ಏನು ಮಾಡ್ತಿದ್ದೆ ಅಂತ ಕೇಳುತ್ತಾರೆ. ನಮ್ಮಲ್ಲಿ 1961ರಲ್ಲಿ ಎರಡು ಐಐಎಂ ಬಂದವು. ಕೋಲ್ಕತ್ತದ್ದಕ್ಕೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ನೆರವಾಯಿತು. ಅಹಮದಾಬಾದಿನದಕ್ಕೆ ಹಾರ್ವರ್ಡ್ ಜೊತೆಯಾಯಿತು, ಕೇಸ್ ಪಾಠವೂ ಅಲ್ಲಿಗೆ ಬಂತು.

ಆಮೇಲೆ ಬೆಂಗಳೂರು. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಅನ್ನುವ ಸರ್ಕಾರಿ ಕಾರ್ಖಾನೆಗಳೆಲ್ಲ ಇದ್ದ ಊರು, ಇಂಥ ಶಾಲೆಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾ? ಸಿಂಡಿಕೇಟ್ ಬ್ಯಾಂಕ್ ಬೆಳೆಸಿ ಆಗ ಕೇಂದ್ರ ಸಚಿವರಾಗಿದ್ದ ಟಿ.ಎ. ಪೈ ಮುಂದೆ ನಿಂತರು. ಮುಖ್ಯಮಂತ್ರಿ ದೇವರಾಜ ಅರಸು 100 ಎಕರೆ ಜಮೀನು ಕೊಟ್ಟರು. ಬನ್ನೇರುಘಟ್ಟ ರಸ್ತೆಯ ಆ ಜಾಗದಲ್ಲಿ ವಾಸ್ತುಶಿಲ್ಪಿ ಬಿ.ವಿ. ದೋಶಿ ವಿನ್ಯಾಸ ಮಾಡಿದ ಬೂದು ಕಲ್ಲಿನ ಗೋಡೆಗಳು, ಉದ್ದುದ್ದ ಮೊಗಸಾಲೆಗಳು ಇವತ್ತಿಗೂ ನೋಡಲು ಚೆಂದ.

ಮೊದಲ ನಿರ್ದೇಶಕ ಎನ್.ಎಸ್. ರಾಮಸ್ವಾಮಿ ಅವರ ಬಗ್ಗೆ ಹೇಳಲೇಬೇಕು. ಅವರು ಎತ್ತಿನ ಗಾಡಿ ಸುಧಾರಣೆಗೆ ವರ್ಷಗಟ್ಟಲೆ ದುಡಿದವರು. ಗಾಡಿಯನ್ನು ಹೇಗೆ ಉತ್ತಮಗೊಳಿಸಬಹುದು, ನೊಗ ಹೊರುವ ಎತ್ತಿನ ನೋವನ್ನು ಹೇಗೆ ಕಡಿಮೆ ಮಾಡಬಹುದು ಅಂತ ಯೋಚಿಸಿದವರು. ಮ್ಯಾನೇಜ್‌ಮೆಂಟ್ ಅಂದರೆ ಬರೀ ಕಂಪನಿಯ ಲಾಭ ಅಲ್ಲ ಅಂತ ನಂಬಿದ ಇಂಥವರು ಅಲ್ಲಿದ್ದರು ಅನ್ನುವುದೇ ನನಗೆ ದೊಡ್ಡ ವಿಷಯ.

ಆದರೆ ಓದಿದ ಹುಡುಗರು ಹೆಚ್ಚು ಸಂಬಳ ಕೊಡುವ ಖಾಸಗಿ ಕಂಪನಿಗಳತ್ತ ಹೋದರು. 1991ರ ಆರ್ಥಿಕ ಉದಾರೀಕರಣದ ನಂತರ ಹಲವು ಸರ್ಕಾರಿ ಕಾರ್ಖಾನೆಗಳೇ ಸೊರಗಿದವು. ಸಂಸ್ಥೆಯೂ ಎಲ್ಲರಿಗೂ ಬೇಕಾದ ಬಿಸಿನೆಸ್ ಸ್ಕೂಲ್ ಆಯಿತು. 2017ರ ಐಐಎಂ ಕಾಯ್ದೆ ಬಂದ ಮೇಲಂತೂ ಡಿಪ್ಲೊಮಾ ಬದಲು ಪದವಿಯನ್ನೇ ಕೊಡುವ ಅಧಿಕಾರ ಸಿಕ್ಕಿತು.

ಹಳೆಯ ಉದ್ದೇಶ ಪೂರ್ತಿ ಹೋಗಿಲ್ಲ. ಅಲ್ಲಿನ ಸಾರ್ವಜನಿಕ ನೀತಿ ಕೇಂದ್ರಕ್ಕೆ ಸರ್ಕಾರಿ ಅಧಿಕಾರಿಗಳು ಓದಲು ಬಂದಿದ್ದಾರೆ. ನಮ್ಮ ಬಸ್ಸು, ಆಸ್ಪತ್ರೆ, ರೇಷನ್ ಅಂಗಡಿ ನಡೆಸುವವರಿಗೂ ಈ ವಿದ್ಯೆ ಬೇಕು ಅಲ್ವಾ? ಆ ಕೆಲಸಕ್ಕೆ ಇನ್ನೂ ಜಾಸ್ತಿ ಸೀಟು, ಜಾಸ್ತಿ ದುಡ್ಡು ಸಿಗಬೇಕು.