ವೇತನ ಅಂತರ ಬೇರೆ, ವೇತನ ತಾರತಮ್ಯ ಬೇರೆ

"ಕಾನೂನು ಬಂದು ಎಷ್ಟು ವರ್ಷ ಆಯ್ತು, ಇನ್ನೆಲ್ಲಿದೆ ವೇತನ ಅಂತರ?" ಹೆಂಗಸರ ಸಂಬಳದ ಮಾತೆತ್ತಿದರೆ ಸಾಕು, ಯಾರಾದರೂ ಒಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ಉತ್ತರ ಕೊಡುವವರೂ ಅದೇ ಗೊಂದಲದಲ್ಲಿ ಬಿದ್ದು "ಒಂದೇ ಕೆಲಸಕ್ಕೆ ಕಡಿಮೆ ಸಂಬಳ" ಅಂತ ಶುರು ಮಾಡುತ್ತಾರೆ. ಆಮೇಲೆ ಚರ್ಚೆ ಹಳ್ಳ ಹಿಡಿಯುತ್ತದೆ.

ಒಂದೇ ಕೆಲಸಕ್ಕೆ ಹೆಂಗಸು ಅನ್ನುವ ಕಾರಣಕ್ಕೆ ಕಡಿಮೆ ಕೊಟ್ಟರೆ ಅದು ತಾರತಮ್ಯ. ಅಮೆರಿಕದ 1963ರ ಕಾಯ್ದೆ, ಬ್ರಿಟನ್ನಿನ 1970ರ ಕಾಯ್ದೆ, ಭಾರತದ 1976ರ ಕಾಯ್ದೆ, ಎಲ್ಲವೂ ತಡೆಯಲು ಹೊರಟಿದ್ದು ಇದನ್ನೇ. ಅದು ಪೂರ್ತಿ ನಿಂತಿದೆ ಅಂತಲ್ಲ, ಆದರೆ ಕೋರ್ಟಿಗೆ ಹೋಗಲು ದಾರಿಯಾದರೂ ಇದೆ. ಅಂತರ ಅನ್ನುವುದು ಬೇರೆಯದೇ ಲೆಕ್ಕ. ದುಡಿಯುವ ಎಲ್ಲ ಗಂಡಸರ ಸರಾಸರಿ ಗಳಿಕೆ ಒಂದು ಕಡೆ, ಎಲ್ಲ ಹೆಂಗಸರದ್ದು ಇನ್ನೊಂದು ಕಡೆ, ಅವೆರಡರ ನಡುವಿನ ವ್ಯತ್ಯಾಸ ಶೇಕಡಾ ಎಷ್ಟು? ಅಷ್ಟೇ. ಯಾರು ಯಾವ ಕೆಲಸದಲ್ಲಿದ್ದಾರೆ ಅಂತ ಅದು ಕೇಳುವುದೇ ಇಲ್ಲ.

ವಿಮಾನ ಕಂಪನಿಯನ್ನೇ ತಗೊಳ್ಳಿ. ಪೈಲಟ್ ಹೆಣ್ಣಾಗಲಿ ಗಂಡಾಗಲಿ ಸಂಬಳ ಒಂದೇ, ಕ್ಯಾಬಿನ್ ಸಿಬ್ಬಂದಿಗೂ ಹಾಗೇ, ಅಂದರೆ ತಾರತಮ್ಯ ಸೊನ್ನೆ. ಆದರೆ ಕಾಕ್‌ಪಿಟ್‌ನಲ್ಲಿ ಹೆಚ್ಚುಕಮ್ಮಿ ಎಲ್ಲರೂ ಗಂಡಸರು, ಊಟದ ಟ್ರಾಲಿ ತಳ್ಳುವವರಲ್ಲಿ ಹೆಂಗಸರೇ ಜಾಸ್ತಿ, ಹಾಗಾಗಿ ಅಂತರ ಮಾತ್ರ ದೊಡ್ಡದಾಗೇ ಬರುತ್ತದೆ. 250 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳು ಈ ಅಂಕಿಯನ್ನು ಪ್ರಕಟಿಸಲೇಬೇಕು ಅಂತ ಬ್ರಿಟನ್ 2017ರಲ್ಲಿ ನಿಯಮ ಮಾಡಿತು. ಅಂಕಿ ಕೆಟ್ಟದಾಗಿ ಬಂದ ಕಂಪನಿಗಳು "ನಾವು ಕಾನೂನು ಮುರಿದಿಲ್ಲ" ಅಂದವು. ಮುರಿದಿದ್ದೀರಿ ಅಂತ ಯಾರು ಹೇಳಿದ್ದು?

ಇನ್ನು "ಹೆಂಗಸರೇ ಕಡಿಮೆ ಸಂಬಳದ ಕೆಲಸ ಆರಿಸಿಕೊಳ್ತಾರೆ" ಅನ್ನುವ ಮಾತು. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ತೋರಿಸಿದ್ದು ಬೇರೆಯೇ: ಅಮೆರಿಕದಂಥ ದೇಶದಲ್ಲಿ ಈಗ ಉಳಿದಿರುವ ಅಂತರದ ದೊಡ್ಡ ಪಾಲು ಇರುವುದು ಒಂದೇ ವೃತ್ತಿಯವರ ನಡುವೆ, ಅದೂ ಮೊದಲ ಮಗು ಹುಟ್ಟಿದ ಮೇಲೆ. ಗಂಡ ಹೆಂಡತಿ ಇಬ್ಬರೂ ವಕೀಲರು ಅಂದುಕೊಳ್ಳಿ. ರಾತ್ರಿ ಒಂಬತ್ತಕ್ಕೆ ಕಕ್ಷಿದಾರನ ಫೋನ್ ಬಂದರೆ ಎದ್ದು ಹೋಗುವವನಿಗೆ ಬಡ್ತಿ. ಮಗುವಿಗೆ ಜ್ವರ ಅಂತ ಮನೆಯಲ್ಲೇ ಉಳಿದವಳಿಗೆ ಸಣ್ಣ ಕೇಸುಗಳು. ಇಲ್ಲಿ ಯಾವ ಕಾಯ್ದೆಯನ್ನು ಯಾರ ಮೇಲೆ ಹಾಕುತ್ತೀರಿ? ಹೆರಿಗೆ ರಜೆ, ಶಿಶುಪಾಲನೆ ಎಲ್ಲ ಧಾರಾಳವಾಗಿರುವ ಡೆನ್ಮಾರ್ಕ್‌ನಲ್ಲೂ ಮಗುವಾದ ಮೇಲೆ ತಾಯಂದಿರ ಗಳಿಕೆ ತಂದೆಯರಿಗಿಂತ ಸುಮಾರು 20% ಹಿಂದೆ ಬೀಳುತ್ತದೆ, ವರ್ಷಗಳು ಕಳೆದರೂ ಸುಧಾರಿಸುವುದಿಲ್ಲ.

ಹಾಗಂತ ಅಂತರ ಚಿಕ್ಕದಿದ್ದರೆ ಹಿಗ್ಗಬೇಡಿ. ಗಂಟೆಯ ಕೂಲಿಯ ಲೆಕ್ಕದಲ್ಲಿ ಇಟಲಿಯ ಅಂತರ ಯುರೋಪಿನಲ್ಲೇ ತೀರಾ ಕಡಿಮೆ ಇರುವವುಗಳ ಸಾಲಿನಲ್ಲಿದೆ. ಸಂಬಳದ ಕೆಲಸದಲ್ಲಿರುವ ಹೆಂಗಸರ ಪ್ರಮಾಣವೂ ಅಲ್ಲಿ ತೀರಾ ಕಡಿಮೆ. ಕಡಿಮೆ ಕೂಲಿ ಸಿಗಬಹುದಾಗಿದ್ದ ಎಷ್ಟೋ ಜನ ಮನೆಯಲ್ಲೇ ಉಳಿದಿದ್ದಾರೆ, ಸಂಬಳವೇ ಇಲ್ಲದವರನ್ನು ಈ ಸರಾಸರಿ ಲೆಕ್ಕಕ್ಕೆ ಹಿಡಿಯುವುದಿಲ್ಲ.