ಬಾಲ್ಟಿಮೋರ್ ತಂಡದ ಖಾಲಿ ಚೌಕಗಳು

ಬೇಸ್‌ಬಾಲ್ ತಂಡವೊಂದರ ಮುಂದಿನ ದಿನಗಳ ಬಗ್ಗೆ ವರದಿ ಬರೆಯಲು ಕುಳಿತಾಗ ನಾನು ಮೊದಲು ಒಂದು ಹಾಳೆಯಲ್ಲಿ ಗೆರೆ ಎಳೆದು ಚೌಕಗಳನ್ನು ಮಾಡಿಕೊಳ್ಳುತ್ತೇನೆ. ಎಡಗಡೆ ಆಟಗಾರರ ಹೆಸರು, ಮೇಲುಗಡೆ ಮುಂದಿನ ಆರು ವರ್ಷಗಳು. ಯಾವ ಆಟಗಾರ ಯಾವ ವರ್ಷದವರೆಗೆ ತಂಡದ ಹಕ್ಕಿನಲ್ಲಿರುತ್ತಾನೆ ಎಂಬುದನ್ನು ಒಂದೊಂದೇ ಚೌಕದಲ್ಲಿ ತುಂಬುತ್ತ ಹೋದರೆ, ಆಡಳಿತದವರು ಸಂದರ್ಶನಗಳಲ್ಲಿ ಹೇಳುವುದಕ್ಕಿಂತ ಹೆಚ್ಚಿನದನ್ನು ಆ ಹಾಳೆಯೇ ಹೇಳಿಬಿಡುತ್ತದೆ. ಆಟಗಾರರ ಪ್ರತಿನಿಧಿಗಳಿಗೆ ಇಂಥ ವರದಿಗಳನ್ನು ಬರೆದುಕೊಡುವುದು ನನ್ನ ವೃತ್ತಿ. ಅವರ ಪ್ರಶ್ನೆ ಹೆಚ್ಚುಕಡಿಮೆ ಯಾವಾಗಲೂ ಒಂದೇ: ಈ ತಂಡದ ಜೊತೆ ನಾಲ್ಕು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದರೆ, ಮೂರನೆಯ ವರ್ಷ ನಮ್ಮ ಹುಡುಗ ಗೆಲ್ಲುವ ತಂಡದಲ್ಲಿ ಆಡುತ್ತಿರುತ್ತಾನೋ, ಇದ್ದವರನ್ನೆಲ್ಲ ಕೊಟ್ಟು ಮತ್ತೆ ಬುಡದಿಂದ ಕಟ್ಟಲು ಹೊರಟ ತಂಡದಲ್ಲಿ ಒಂಟಿಯಾಗಿ ಉಳಿದಿರುತ್ತಾನೋ?

ಐಪಿಎಲ್ ನೋಡಿ ಅಭ್ಯಾಸವಾದವರಿಗೆ ಈ ಹಾಳೆಯ ಮಹತ್ವ ತಟ್ಟನೆ ಹೊಳೆಯಲಿಕ್ಕಿಲ್ಲ, ಏಕೆಂದರೆ ಅಲ್ಲಿ ಕೆಲವು ವರ್ಷಗಳಿಗೊಮ್ಮೆ ದೊಡ್ಡ ಹರಾಜು ನಡೆದು ತಂಡಗಳೆಲ್ಲ ಬಹುಪಾಲು ಹೊಸದಾಗಿಬಿಡುತ್ತವೆ. ಅಮೆರಿಕದ ಮೇಜರ್ ಲೀಗ್‌ನಲ್ಲಿ ಹಾಗಲ್ಲ. ಅಲ್ಲಿ ಆಟಗಾರನೊಬ್ಬ ಪೂರ್ತಿ ಆರು ವರ್ಷ ಸೇವೆ ಸಲ್ಲಿಸುವವರೆಗೂ ಅವನ ಮೇಲಿನ ಹಕ್ಕು ತಂಡದ್ದೇ. 172 ದಿನ ತಂಡದಲ್ಲಿದ್ದರೆ ಅದು ಒಂದು ವರ್ಷದ ಸೇವೆ. ಸಾಮಾನ್ಯವಾಗಿ ಮೊದಲ ಮೂರು ವರ್ಷ ಅವನಿಗೆ ಕನಿಷ್ಠ ಸಂಬಳದ ಆಸುಪಾಸಿನ ಹಣ ಸಿಗುತ್ತದೆ. 2025ರಲ್ಲಿ ಆ ಕನಿಷ್ಠ ಮೊತ್ತ 7,60,000 ಡಾಲರ್ ಇತ್ತು. ಆಮೇಲಿನ ಮೂರು ವರ್ಷ, ಮಾತುಕತೆಯಲ್ಲಿ ಬಗೆಹರಿಯದಿದ್ದರೆ ಮಧ್ಯಸ್ಥರು ಸಂಬಳ ನಿಗದಿ ಮಾಡುತ್ತಾರೆ. ಅದು ಮುಗಿದ ಮೇಲಷ್ಟೇ ಅವನು ಫ್ರೀ ಏಜೆಂಟ್, ಅಂದರೆ ತನ್ನ ಬೆಲೆಯನ್ನು ಮಾರುಕಟ್ಟೆಯಲ್ಲಿ ತಾನೇ ಕೇಳಬಲ್ಲವನು. ಹೀಗಾಗಿ ಫ್ರಂಟ್ ಆಫೀಸ್ ಎಂದು ಕರೆಯುವ ಆಡಳಿತ ಮಂಡಳಿ, ಅಂದರೆ ಜನರಲ್ ಮ್ಯಾನೇಜರ್ ಮತ್ತು ಅವರ ಕೈಕೆಳಗಿನ ಹುಡುಕಾಟಗಾರರು, ತರಬೇತುದಾರರು, ಲೆಕ್ಕಶಾಸ್ತ್ರಜ್ಞರ ಪಡೆ, ದಿನವೂ ನಡೆಸುವ ವ್ಯಾಪಾರ ಈ ಹಕ್ಕಿನ ವರ್ಷಗಳದ್ದು. ಯಾವ ತಂಡ ಅವುಗಳನ್ನು ಕೂಡಿಡುತ್ತಿದೆ, ಯಾವುದು ಖರ್ಚು ಮಾಡುತ್ತಿದೆ ಎಂದು ನೋಡಿದರೆ ಅದರ ದಿಕ್ಕು ತಿಳಿಯುತ್ತದೆ.

ಬಾಲ್ಟಿಮೋರ್ ಓರಿಯೋಲ್ಸ್ ತಂಡವನ್ನು ಇಲ್ಲಿ ಉದಾಹರಣೆಗೆ ತೆಗೆದುಕೊಳ್ಳಲು ಕಾರಣವಿದೆ. ಈ ವೃತ್ತಿಯಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅಂದಾಜು ಅದರ ಬಗ್ಗೆಯೇ.

2018ರಲ್ಲಿ ಆ ತಂಡ 162 ಪಂದ್ಯಗಳಲ್ಲಿ 115 ಸೋತಿತ್ತು. ಆ ವರ್ಷದ ನವೆಂಬರ್‌ನಲ್ಲಿ ಮೈಕ್ ಇಲಾಯಸ್ ಜನರಲ್ ಮ್ಯಾನೇಜರ್ ಆಗಿ ಬಂದರು. ಅವರು ಹ್ಯೂಸ್ಟನ್ ಆಸ್ಟ್ರೋಸ್ ತಂಡದವರು. 2013ರಲ್ಲಿ 111 ಪಂದ್ಯ ಸೋತು 2017ರಲ್ಲಿ ವರ್ಲ್ಡ್ ಸೀರೀಸ್, ಅಂದರೆ ಲೀಗ್‌ನ ಅಂತಿಮ ಪ್ರಶಸ್ತಿ, ಗೆದ್ದ ತಂಡ ಅದು. ಹಿಂದೆ ನಾಸಾದಲ್ಲಿ ಕೆಲಸ ಮಾಡಿದ್ದ ಸಿಗ್ ಮೇಡಾಲ್ ಅವರನ್ನೂ ಇಲಾಯಸ್ ಅಲ್ಲಿಂದ ಕರೆತಂದರು. ಹಿಂದಿನ ಆಡಳಿತ ಹೆಚ್ಚುಕಡಿಮೆ ಮುಚ್ಚಿಟ್ಟಿದ್ದ ಲ್ಯಾಟಿನ್ ಅಮೆರಿಕದ ಬಾಗಿಲನ್ನೂ, ಅಲ್ಲಿಂದ ಎಳೆಯ ಆಟಗಾರರನ್ನು ತರಲೆಂದು, ತೆರೆದರು. ಮುಂದೆ ನಡೆದದ್ದು ನೋಡುವವರಿಗೆ ಕಷ್ಟದ ಕಾಲ: 2019ರಲ್ಲಿ 108 ಸೋಲು, 2021ರಲ್ಲಿ 110 ಸೋಲು. ಸೋತ ತಂಡಕ್ಕೆ ಡ್ರಾಫ್ಟ್‌ನಲ್ಲಿ, ಅಂದರೆ ಕಾಲೇಜು ಮತ್ತು ಶಾಲೆಗಳಿಂದ ಹೊಸಬರನ್ನು ಹಂಚಿಕೊಳ್ಳುವ ವಾರ್ಷಿಕ ಆಯ್ಕೆಯಲ್ಲಿ, ಆಗ ಮೊದಲ ಸಾಲಿನ ಅವಕಾಶ ಸಿಗುತ್ತಿತ್ತು. 2019ರಲ್ಲಿ ಮೊದಲ ಆಯ್ಕೆಯಾಗಿ ಕ್ಯಾಚರ್ (ವಿಕೆಟ್ ಕೀಪರ್‌ನಂತೆ ಬ್ಯಾಟರ್ ಹಿಂದೆ ಕೂರುವವನು) ಆ್ಯಡ್ಲಿ ರಚ್‌ಮನ್, 42ನೆಯವನಾಗಿ ಶಾರ್ಟ್‌ಸ್ಟಾಪ್ (ಎರಡನೆಯ, ಮೂರನೆಯ ಬೇಸ್‌ಗಳ ನಡುವೆ ನಿಲ್ಲುವ ಫೀಲ್ಡರ್) ಗನ್ನರ್ ಹೆಂಡರ್‌ಸನ್, 2022ರಲ್ಲಿ ಮತ್ತೆ ಮೊದಲ ಆಯ್ಕೆಯಾಗಿ ಜ್ಯಾಕ್ಸನ್ ಹಾಲಿಡೇ ಬಂದರು. 2023ರಲ್ಲಿ ಆ ತಂಡ 101 ಪಂದ್ಯ ಗೆದ್ದಿತು.

ಆ ಚಳಿಗಾಲದಲ್ಲಿ ಒಬ್ಬ ಪ್ರತಿನಿಧಿಗೆ ನಾನು ಬರೆದುಕೊಟ್ಟ ವರದಿಯಲ್ಲಿ, ಇನ್ನು ಐದು ವರ್ಷ ಈ ತಂಡ ತನ್ನ ವಿಭಾಗದ ಮೇಲಿನ ಎರಡು ಸ್ಥಾನಗಳಿಂದ ಇಳಿಯುವುದಿಲ್ಲ ಎಂಬ ವಾಕ್ಯವಿದೆ. ಅದನ್ನು ಈಗಲೂ ಆಗಾಗ ತೆಗೆದು ಓದುತ್ತೇನೆ.

ತಪ್ಪು ಎಲ್ಲಾಯಿತು? ಗೆಲುವಿನ ಸಂಖ್ಯೆಗೆ ಮರುಳಾಗಿದ್ದೆ ಎಂದು ಹೇಳಿದರೆ ಪೂರ್ತಿ ನಿಜವಾಗುವುದಿಲ್ಲ. ಆ ಲೆಕ್ಕವನ್ನು ನಾನು ಮಾಡಿಯೇ ಇದ್ದೆ. ಆ ವರ್ಷ ತಂಡ ಗಳಿಸಿದ ರನ್ 807, ಬಿಟ್ಟುಕೊಟ್ಟದ್ದು 678. ಬೇಸ್‌ಬಾಲ್ ಅಂಕಿಅಂಶ ತಜ್ಞ ಬಿಲ್ ಜೇಮ್ಸ್ ರೂಪಿಸಿದ ಹಳೆಯ ಸೂತ್ರದ ಪ್ರಕಾರ, ಗಳಿಸಿದ ರನ್‌ಗಳ ವರ್ಗವನ್ನು ಎರಡೂ ಸಂಖ್ಯೆಗಳ ವರ್ಗಗಳ ಮೊತ್ತದಿಂದ ಭಾಗಿಸಿದರೆ 0.586 ಬರುತ್ತದೆ, ಅದನ್ನು 162ರಿಂದ ಗುಣಿಸಿದರೆ ಸುಮಾರು 95 ಗೆಲುವು. ಉಳಿದ ಆರು ಗೆಲುವುಗಳು ಕೂದಲೆಳೆಯ ಅಂತರದ ಪಂದ್ಯಗಳು ಅವರ ಕಡೆ ವಾಲಿದ್ದರಿಂದ ಸಿಕ್ಕವು, ಅಂಥ ಅದೃಷ್ಟ ಮರುವರ್ಷಕ್ಕೆ ಉಳಿಯುವುದಿಲ್ಲ ಎಂದೂ ಬರೆದಿದ್ದೆ. 95 ಗೆಲುವಿನ ಎಳೆಯರ ತಂಡವೇನೂ ಸಣ್ಣದಲ್ಲವಲ್ಲ! ನಾನು ಎಡವಿದ್ದು ಹಾಳೆಯ ಕೆಳಭಾಗದಲ್ಲಿ, ಪಿಚರ್‌ಗಳ ಹೆಸರಿರುವ ಕಡೆ. ಬ್ಯಾಟರ್‌ಗಳ ಸಾಲುಗಳು 2028ರವರೆಗೂ ತುಂಬಿ ತುಳುಕುತ್ತಿದ್ದುದನ್ನು ಕಂಡು, ಚೆಂಡು ಎಸೆಯುವವರ ಸಾಲಿನ ಖಾಲಿ ಚೌಕಗಳನ್ನು ಇವರು ಹೇಗೋ ತುಂಬಿಕೊಳ್ಳುತ್ತಾರೆ ಎಂದು ಅವರ ಪರವಾಗಿ ನಾನೇ ಧೈರ್ಯ ತಂದುಕೊಂಡೆ.

ಆ ಖಾಲಿತನ ಆಕಸ್ಮಿಕವಾಗಿರಲಿಲ್ಲ. 2019ರಿಂದ 2024ರವರೆಗೆ ಪ್ರತಿ ವರ್ಷದ ಮೊದಲ ಆಯ್ಕೆಯಲ್ಲೂ ಇಲಾಯಸ್ ಬ್ಯಾಟರ್‌ನನ್ನೇ ಆರಿಸಿದ್ದರು. ಅದರ ಹಿಂದೆ ಗಟ್ಟಿಯಾದ ತರ್ಕವಿದೆ: ಎಳೆಯ ಪಿಚರ್‌ನ ಮೊಣಕೈ ಯಾವಾಗ ಕೈಕೊಡುತ್ತದೋ ಯಾರೂ ಹೇಳಲಾರರು; ಬ್ಯಾಟರ್‌ನ ಬೆಳವಣಿಗೆಯನ್ನು ಅದಕ್ಕಿಂತ ಹೆಚ್ಚಿನ ಭರವಸೆಯಿಂದ ಊಹಿಸಬಹುದು; ಬ್ಯಾಟರ್‌ಗಳನ್ನು ಬೆಳೆಸಿ, ಹೆಚ್ಚಾದವರನ್ನು ಕೊಟ್ಟು ಪಿಚರ್‌ಗಳನ್ನು ತರಬಹುದು. ತರ್ಕದ ಮೊದಲರ್ಧವನ್ನು ಅವರು ಅಚ್ಚುಕಟ್ಟಾಗಿ ನಡೆಸಿದರು. ದ್ವಿತೀಯಾರ್ಧಕ್ಕೆ ಬಂದಾಗ ಕೈ ತಡೆಯಿತು. ಹೆಚ್ಚಾದ ಬ್ಯಾಟರ್‌ಗಳು ಕೆಳಹಂತದ ಮೈನರ್ ಲೀಗ್‌ನಲ್ಲೇ ಕಾಯುತ್ತ ಕುಳಿತರು, ಕಾಯುತ್ತ ಕುಳಿತವರ ಬೆಲೆ ಇಳಿಯಿತು.

ಒಂದು ಸಲ ಮಾತ್ರ ದೊಡ್ಡ ಹೆಜ್ಜೆ ಇಟ್ಟರು. 2024ರ ಫೆಬ್ರವರಿಯಲ್ಲಿ ಮಿಲ್ವಾಕಿ ತಂಡಕ್ಕೆ ಜೋಯಿ ಓರ್ಟಿಸ್, ಡಿ.ಎಲ್. ಹಾಲ್ ಮತ್ತು ಡ್ರಾಫ್ಟ್‌ನ 34ನೆಯ ಆಯ್ಕೆಯನ್ನು ಕೊಟ್ಟು ಪಿಚರ್ ಕಾರ್ಬಿನ್ ಬರ್ನ್ಸ್ ಅವರನ್ನು ತಂದರು. ಬರ್ನ್ಸ್ ಅವರ ಮೇಲೆ ಉಳಿದಿದ್ದ ಹಕ್ಕು ಒಂದೇ ವರ್ಷದ್ದು. ಅದೇ ವರ್ಷ ತಂಡದ ಪಿಚರ್‌ಗಳಾದ ಕೈಲ್ ಬ್ರ್ಯಾಡಿಶ್, ಜಾನ್ ಮೀನ್ಸ್, ಟೈಲರ್ ವೆಲ್ಸ್ ಮೂವರೂ ಮೊಣಕೈ ಶಸ್ತ್ರಚಿಕಿತ್ಸೆಗೆ ಹೋದರು. ತಂಡ 91 ಪಂದ್ಯ ಗೆದ್ದು ಪ್ಲೇಆಫ್ ತಲುಪಿತು. ಕಾನ್ಸಾಸ್ ಸಿಟಿ ವಿರುದ್ಧದ ಮೊದಲ ಪಂದ್ಯದಲ್ಲಿ ಬರ್ನ್ಸ್ ಎಂಟು ಇನ್ನಿಂಗ್ಸ್ ಎಸೆದು ಒಂದೇ ಒಂದು ರನ್ ಕೊಟ್ಟರು, ಆದರೂ 1-0 ಅಂತರದಲ್ಲಿ ಸೋಲಾಯಿತು. ಎರಡನೆಯ ಪಂದ್ಯವೂ ಕೈತಪ್ಪಿತು. ಆ ಡಿಸೆಂಬರ್‌ನಲ್ಲಿ ಬರ್ನ್ಸ್ ಆರು ವರ್ಷಕ್ಕೆ 21 ಕೋಟಿ ಡಾಲರ್‌ನ ಒಪ್ಪಂದದೊಂದಿಗೆ ಆರಿಜೋನಾಕ್ಕೆ ಹೋದರು. ಅವರ ಜಾಗ ತುಂಬಲು ಬಾಲ್ಟಿಮೋರ್ ತಂದದ್ದು 41 ವರ್ಷದ ಚಾರ್ಲಿ ಮಾರ್ಟನ್, 35 ವರ್ಷದ ತೊಮೊಯುಕಿ ಸುಗಾನೊ, ಆಮೇಲೆ 37 ವರ್ಷದ ಕೈಲ್ ಗಿಬ್ಸನ್. ಮೂವರ ಒಪ್ಪಂದವೂ ಒಂದೊಂದೇ ವರ್ಷದ್ದು. ಹಾಳೆಯ ಮುಂದಿನ ಚೌಕಗಳು ಹಾಗೆಯೇ ಖಾಲಿ ಉಳಿದವು.

2025ರ ಮೇ ತಿಂಗಳಲ್ಲಿ ತಂಡ 15 ಗೆದ್ದು 28 ಸೋತಿದ್ದಾಗ ಮ್ಯಾನೇಜರ್ ಬ್ರ್ಯಾಂಡನ್ ಹೈಡ್ ಅವರನ್ನು ಕೆಲಸದಿಂದ ತೆಗೆದರು. ಮೈದಾನದ ಮ್ಯಾನೇಜರ್ ಬದಲಾದರೆ ತಂಡದ ದಿಕ್ಕು ಬದಲಾಯಿತೆಂದು ಅಭಿಮಾನಿಗಳು ತಿಳಿಯುವುದು ಸಹಜ. ನನ್ನ ವರದಿಗಳಲ್ಲಿ ಅದಕ್ಕೆ ಒಂದು ಸಾಲಿಗಿಂತ ಹೆಚ್ಚು ಜಾಗ ಕೊಡುವುದಿಲ್ಲ. ಆ ವರ್ಷ 75 ಗೆಲುವು, 87 ಸೋಲು, ವಿಭಾಗದಲ್ಲಿ ಕೊನೆಯ ಸ್ಥಾನ.

ನನಗೆ ಮುಖ್ಯವಾಗಿ ಕಂಡದ್ದು ಆ ಬೇಸಗೆಯಿಂದ ಡಿಸೆಂಬರ್‌ವರೆಗೆ ನಡೆದ ವ್ಯವಹಾರಗಳ ಸರಪಳಿ. ಜುಲೈನಲ್ಲಿ, ಡ್ರಾಫ್ಟ್‌ಗೆ ಕೆಲವೇ ದಿನ ಮುಂಚೆ, ಬ್ರಯಾನ್ ಬೇಕರ್ ಎಂಬ, ಪಂದ್ಯದ ನಡುವೆ ಬದಲಿಯಾಗಿ ಬರುವ ಪಿಚರ್‌ನನ್ನು ಟ್ಯಾಂಪಾ ಬೇ ರೇಸ್‌ಗೆ ಕೊಟ್ಟು ಅವರ 37ನೆಯ ಆಯ್ಕೆಯನ್ನು ಪಡೆದರು. ಆ ಆಯ್ಕೆಯಲ್ಲಿ ಸ್ಲೇಟರ್ ಡಿ ಬ್ರನ್ ಎಂಬ ಶಾಲಾ ಹುಡುಗನನ್ನು ಆರಿಸಿದರು. ಬರ್ನ್ಸ್ ಮತ್ತು ಆ್ಯಂಥನಿ ಸ್ಯಾಂಟಾಂಡರ್ ಫ್ರೀ ಏಜೆಂಟ್‌ಗಳಾಗಿ ಹೊರಟುಹೋದುದಕ್ಕೆ ಪರಿಹಾರವಾಗಿ 30 ಮತ್ತು 31ನೆಯ ಆಯ್ಕೆಗಳು ದಕ್ಕಿದ್ದವು. 30ನೆಯದರಲ್ಲಿ ಕ್ಯಾಚರ್ ಕೇಡನ್ ಬೋಡೀನ್ ಬಂದ. ಡಿಸೆಂಬರ್‌ನಲ್ಲಿ ಇದೇ ಡಿ ಬ್ರನ್, ಇದೇ ಬೋಡೀನ್, ಜೊತೆಗೆ ಇನ್ನಿಬ್ಬರು ಎಳೆಯರು ಮತ್ತು ಒಂದು ಡ್ರಾಫ್ಟ್ ಆಯ್ಕೆ, ಇಷ್ಟನ್ನೂ ಅದೇ ಟ್ಯಾಂಪಾ ಬೇಗೆ ಕೊಟ್ಟು ಪಿಚರ್ ಶೇನ್ ಬಾಝ್ ಅವರನ್ನು ತಂದರು. ಬಾಝ್ ಅವರ ಮೇಲೆ 2028ರವರೆಗೆ, ಅಂದರೆ ಮೂರು ವರ್ಷದ ಹಕ್ಕಿತ್ತು. ಬೇಕರ್‌ನ ಬದಲಿಗೆ ಬಂದ ಆಯ್ಕೆ, ಹುಡುಗನ ರೂಪದಲ್ಲಿ ಐದೇ ತಿಂಗಳಲ್ಲಿ ಹೊರಟ ಮನೆಗೇ ಹಿಂತಿರುಗಿತು! ನಗು ತರಿಸುವ ಈ ಸಂಗತಿಯ ಒಳಗೆ ದಿಕ್ಕು ಬದಲಾದ ಗುರುತಿದೆ. ಏಳು ವರ್ಷ ಕೂಡಿಡುವುದನ್ನೇ ರೂಢಿ ಮಾಡಿಕೊಂಡಿದ್ದ ಆಡಳಿತ, ಆರಿಸಿ ಆರು ತಿಂಗಳೂ ಆಗದ ಹುಡುಗರನ್ನು ಖರ್ಚು ಮಾಡಿ, ಖಾಲಿಯಿದ್ದ ಸಾಲಿನಲ್ಲೇ ಮೂರು ಚೌಕ ತುಂಬಿಕೊಂಡಿತು.

ಇದರ ಜೊತೆಗೇ ಇನ್ನೊಂದು ವ್ಯವಹಾರ ನಡೆಯಿತು, ಅದು ಮಾತ್ರ ನನಗೆ ಇಂದಿಗೂ ಪೂರ್ತಿ ಒಗ್ಗಿಲ್ಲ. ಮೊಣಕೈ ಮತ್ತು ಬೆನ್ನಿನ ಸ್ನಾಯುವಿನ ನೋವಿನಿಂದ 2025ರ ಇಡೀ ವರ್ಷ ಆಡದಿದ್ದ ಪಿಚರ್ ಗ್ರೇಸನ್ ರಾಡ್ರಿಗಸ್ ಅವರನ್ನು ನವೆಂಬರ್‌ನಲ್ಲಿ ಲಾಸ್ ಏಂಜಲೀಸ್ ಏಂಜಲ್ಸ್‌ಗೆ ಕೊಟ್ಟು ಟೇಲರ್ ವಾರ್ಡ್ ಎಂಬ ಬ್ಯಾಟರ್‌ನನ್ನು ತಂದರು. ರಾಡ್ರಿಗಸ್ ಮೇಲಿನ ಹಕ್ಕು ನಾಲ್ಕು ವರ್ಷದ್ದು, ವಾರ್ಡ್ ಮೇಲಿನದು ಒಂದು ವರ್ಷದ್ದು. ಹಾಳೆಯನ್ನಷ್ಟೇ ನೋಡಿದರೆ ಇದು ಕೈಯಾರೆ ಮಾಡಿಕೊಂಡ ನಷ್ಟ. ಆದರೆ ರಾಡ್ರಿಗಸ್ ಅವರ ಭುಜ, ಮೊಣಕೈಗಳ ವೈದ್ಯಕೀಯ ದಾಖಲೆಯನ್ನು ಏಳು ವರ್ಷದಿಂದ ನೋಡುತ್ತ ಬಂದದ್ದು ಬಾಲ್ಟಿಮೋರ್ ಆಡಳಿತವೇ. ತನ್ನ ಮನೆಯ ಹಸುವನ್ನು ಮಾರುವವನಿಗೆ ಕೊಳ್ಳುವವನಿಗಿಂತ ಹೆಚ್ಚು ಗೊತ್ತಿರುತ್ತದೆ. ಹೊರಗಿನಿಂದ ನೋಡುವ ನಮ್ಮಂಥವರು ಇಂಥ ಕಡೆ ತೀರ್ಪನ್ನು ಪೆನ್ಸಿಲ್‌ನಲ್ಲಿ ಬರೆಯುವುದು ಮೇಲು.

ದಿಕ್ಕು ಬದಲಾಗಲು ಇಲಾಯಸ್ ಅವರ ಮನಸ್ಸೊಂದೇ ಸಾಕಾಗಿತ್ತು ಎಂದು ನಾನು ನಂಬುವುದಿಲ್ಲ. ಸೋಲಿನ ಆ ವರ್ಷಗಳಲ್ಲಿ ತಂಡದ ಒಟ್ಟು ಸಂಬಳ ಲೀಗ್‌ನ 30 ತಂಡಗಳಲ್ಲಿ ತೀರಾ ಕೆಳಗಿನ ಸಾಲಿನಲ್ಲಿತ್ತು. 1993ರಿಂದ ತಂಡದ ಒಡೆತನ ಆ್ಯಂಜಲೋಸ್ ಕುಟುಂಬದ್ದಾಗಿತ್ತು. 2024ರ ಮಾರ್ಚ್‌ನಲ್ಲಿ ಅದು ಡೇವಿಡ್ ರೂಬೆನ್‌ಸ್ಟೈನ್ ನೇತೃತ್ವದ ಗುಂಪಿನ ಕೈಗೆ ಬಂತು. ಮಾಲೀಕರು ಬದಲಾದ ಮೇಲೆ ಜನರಲ್ ಮ್ಯಾನೇಜರ್ ಕೂಡ ಬೇರೆ ಮನುಷ್ಯನಂತೆ ವರ್ತಿಸುವುದನ್ನು ನಾನು ಹಲವು ತಂಡಗಳಲ್ಲಿ ಕಂಡಿದ್ದೇನೆ. ಇಲ್ಲಿ ಅದು ಕಾಣಲು ಇಪ್ಪತ್ತು ತಿಂಗಳು ಹಿಡಿಯಿತು: 2025ರ ಡಿಸೆಂಬರ್‌ನಲ್ಲಿ ಬ್ಯಾಟರ್ ಪೀಟ್ ಅಲೊನ್ಸೊ ಅವರಿಗೆ ಐದು ವರ್ಷಕ್ಕೆ 15.5 ಕೋಟಿ ಡಾಲರ್ ಕೊಟ್ಟರು. ವರದಿ ಬರೆಯುವವರು ಹೊಸ ಮಾಲೀಕರ ಮೊದಲ ಪತ್ರಿಕಾಗೋಷ್ಠಿಗಿಂತ ಅವರ ಎರಡನೆಯ ಚಳಿಗಾಲವನ್ನು ನೋಡುವುದು ಒಳ್ಳೆಯದು.

ತಪ್ಪನ್ನು ಒಪ್ಪಿಕೊಳ್ಳಲು ಈ ಆಡಳಿತಕ್ಕೆ ಎಷ್ಟು ಕಾಲ ಬೇಕು ಎಂಬುದನ್ನೂ ನಾನು ಗುರುತು ಹಾಕಿಕೊಳ್ಳುತ್ತೇನೆ. ತಂಡದ ತವರಾದ ಕ್ಯಾಮ್ಡನ್ ಯಾರ್ಡ್ಸ್ ಮೈದಾನದ ಎಡಗಡೆಯ ಗೋಡೆಯನ್ನು 2022ರಲ್ಲಿ ಹಿಂದಕ್ಕೆ ಸರಿಸಿ ಎತ್ತರಿಸಿದ್ದರು, ಚೆಂಡು ಗೋಡೆ ದಾಟಿ ಬರುವ ಹೋಮ್‌ರನ್‌ಗಳು ಕಡಿಮೆಯಾಗಲೆಂದು. ಅದು ಅತಿಯಾಯಿತೆಂದು 2025ಕ್ಕೆ ಭಾಗಶಃ ಮುಂದಕ್ಕೆ ತಂದರು. ಗೋಡೆಗೆ ಮೂರು ವರ್ಷ, ಪಿಚರ್‌ಗಳ ಕೊರತೆಗೆ ಅದಕ್ಕಿಂತ ಹೆಚ್ಚು.

ಈಗ ಹಾಳೆಯ ಬಲಗಡೆಗೆ ಬರೋಣ. ರಚ್‌ಮನ್ 2022ರ ಮೇ ತಿಂಗಳಲ್ಲಿ ತಂಡ ಸೇರಿದರೂ ಆ ವರ್ಷದ ಅತ್ಯುತ್ತಮ ಹೊಸ ಆಟಗಾರ ಪ್ರಶಸ್ತಿಯ ಮತಗಣನೆಯಲ್ಲಿ ಎರಡನೆಯವರಾದ್ದರಿಂದ ನಿಯಮದಂತೆ ಪೂರ್ತಿ ವರ್ಷದ ಸೇವೆ ಲೆಕ್ಕಕ್ಕೆ ಬಂತು. ಹೀಗಾಗಿ ಅವರ ಹಕ್ಕಿನ ಚೌಕಗಳು 2027ಕ್ಕೆ ಮುಗಿಯುತ್ತವೆ. ಹೆಂಡರ್‌ಸನ್ ಅವರದು 2028ಕ್ಕೆ. ಡೊಮಿನಿಕನ್ ಗಣರಾಜ್ಯದಿಂದ 2021ರಲ್ಲಿ 13 ಲಕ್ಷ ಡಾಲರ್ ಕೊಟ್ಟು ಕರೆತಂದ ಕ್ಯಾಚರ್ ಸ್ಯಾಮ್ಯುಯೆಲ್ ಬಸಾಯೊ 2025ರ ಆಗಸ್ಟ್‌ನಲ್ಲಿ ಮೊದಲ ಪಂದ್ಯ ಆಡಿದ ಒಂದು ವಾರದೊಳಗೆ ಎಂಟು ವರ್ಷದ, 6.7 ಕೋಟಿ ಡಾಲರ್‌ನ ಒಪ್ಪಂದಕ್ಕೆ ಸಹಿ ಹಾಕಿದ. ಅವನ ಸಾಲು 2033ರವರೆಗೆ ಹೋಗುತ್ತದೆ. 2028ರಲ್ಲಿ ಈ ತಂಡದ ಕ್ಯಾಚರ್ ಯಾರೆಂದು ಪ್ರತಿನಿಧಿ ಕೇಳಿದರೆ ನಾನು ರಚ್‌ಮನ್ ಹೆಸರು ಹೇಳುವುದಿಲ್ಲ. ಹೆಂಡರ್‌ಸನ್ ಅವರ 2029ರ ಚೌಕದಲ್ಲಿ ಮಾತ್ರ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ. ಮಾಲೀಕರು ಮತ್ತು ಆಟಗಾರರ ಸಂಘದ ನಡುವಿನ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುವುದರಿಂದ, ಆರು ವರ್ಷದ ಆ ನಿಯಮವೇ ಹೀಗೆಯೇ ಉಳಿಯುತ್ತದೆಂದು ನಂಬಿ ಅಲ್ಲಿ ಶಾಯಿಯಲ್ಲಿ ಏನನ್ನಾದರೂ ಬರೆಯುವುದು ಈಗ ಅವಸರವಾದೀತು.